ಯಾವ ಕೊಳವೆಗೆ ಯಾವ ಅಂಟು?

ಕಳೆದ ವರ್ಷ ನಮ್ಮ ಶಾಲೆಯಲ್ಲಿ ನಡೆದ ವಿಜ್ಞಾನ ಪ್ರದರ್ಶನಕ್ಕೆ ಬಂದಿದ್ದ ಪಾಲಕರಿಗೆ ಒಂದು ಪ್ರಸಂಗ ನೆನಪಿರಬಹುದು. ಒಂಬತ್ತನೆಯ ಇಯತ್ತೆಯ ನಾಲ್ವರು ಹುಡುಗರು ಸೇರಿ ಮ್ಹೈಸಾಳ ಏತ ನೀರಾವರಿಯ ಮಾದರಿಯೊಂದನ್ನು ಮಾಡಿದ್ದರು. ಕೆಳಗೆ ಕೃಷ್ಣಾ ನದಿ ಎಂದು ಒಂದು ಬುಟ್ಟಿ, ಪಕ್ಕಕ್ಕೆ ಮಣ್ಣಿನ ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಒಂದು ಡಬ್ಬಿ, ಅಲ್ಲಿಂದ ತಿರುವುಗಳನ್ನು ಹಾಕಿಕೊಂಡು ಇಳಿದು ಬರುವ ಬಿಳಿಯ ಕೊಳವೆಗಳು, ಕೊನೆಗೆ ರಟ್ಟಿನ ಮೇಲೆ ಹಸಿರು ಬಣ್ಣದ ನಮ್ಮ ಜತ್ತ ತಾಲೂಕಿನ ಹೊಲಗಳು. ಹದಿನೈದು ದಿನ ಶಾಲೆ ಬಿಟ್ಟ ಮೇಲೆ ಕುಳಿತು ಮಾಡಿದ ಕೆಲಸವದು. ಅತಿಥಿಗಳು ಬಂದರು. ಹುಡುಗರು ಡಬ್ಬಿಗೆ ನೀರು ಸುರಿದರು. ಸ್ವಲ್ಪ ಹೊತ್ತು ನೀರು ಸೊಗಸಾಗಿ ಇಳಿಯಿತು. ಬಳಿಕ ಒಂದು ಜೋಡಣೆ ಒಸರತೊಡಗಿತು. ನೋಡುನೋಡುತ್ತಿದ್ದಂತೆ ಮತ್ತೊಂದು ಕಳಚಿ ಬಿದ್ದಿತು. ಹೊಲಗಳ ರಟ್ಟು ತೊಯ್ದು ಮುದ್ದೆಯಾಯಿತು. ಸುತ್ತ ನಿಂತವರು ನಕ್ಕರು. ಹುಡುಗರು ತಲೆ ತಗ್ಗಿಸಿದರು.

ಆ ಹುಡುಗರಲ್ಲಿ ಒಬ್ಬನ ತಂದೆ ಅಲ್ಲಿಯೇ ನಿಂತಿದ್ದರು. ಅವರು ನಮ್ಮನ್ನು ಬದಿಗೆ ಕರೆದು, "ಸರ, ಹದಿನೈದು ದಿನ ಓದೂದು ಬಿಟ್ಟು ಇದನ್ನ ಮಾಡ್ಯಾನ ನಮ್ಮ ಹುಡುಗ. ಇದರಿಂದ ಏನ್ ಬಂತ್ರಿ?" ಎಂದು ಕೇಳಿದರು. ನಮ್ಮಲ್ಲಿ ಆಗ ಉತ್ತರವಿರಲಿಲ್ಲ. ಏಕೆಂದರೆ ತಪ್ಪು ಹುಡುಗರದಾಗಿರಲಿಲ್ಲ, ನಮ್ಮದಾಗಿತ್ತು. "ಸರ, ಕೊಳವಿ ಜೋಡಿಸಲಿಕ್ಕೆ ಅಂಟು ಬೇಕ್ರಿ" ಎಂದು ಅವರು ಬಂದಾಗ, ಕಪಾಟಿನಲ್ಲಿದ್ದ ಬಿಳಿಯ ಅಂಟಿನ ಬಾಟಲಿಯನ್ನು ತೆಗೆದುಕೊಟ್ಟವರು ನಾವೇ. ಚಿತ್ರ ಅಂಟಿಸುವುದಕ್ಕೂ, ಹರಿದ ಪುಸ್ತಕಕ್ಕೂ, ಮುರಿದ ಪಟ್ಟಿಗೂ ಅದೇ ಬಾಟಲಿ. ಕೊಳವೆಗೆ ಮಾತ್ರ ಬೇರೆ ಅಂಟು ಬೇಕೇನು ಎಂಬ ವಿಚಾರವೇ ನಮ್ಮ ತಲೆಗೆ ಹೊಳೆಯಲಿಲ್ಲ. ಆ ತಂದೆಯ ಪ್ರಶ್ನೆಗೆ ಈಗ ಉತ್ತರ ಬರೆಯುತ್ತಿದ್ದೇವೆ. ಒಂದು ವರ್ಷ ತಡವಾಗಿದೆ, ಕ್ಷಮಿಸಬೇಕು.

ಮೊದಲಿಗೆ, ಕೊಳವೆ ಜೋಡಿಸುವ ಹವ್ಯಾಸವನ್ನು ಏಕೆ ಬೆಳೆಸಬೇಕು ಎಂಬುದನ್ನು ಹೇಳುತ್ತೇವೆ. ಬೇರೆ ಊರಿನ ಮಕ್ಕಳಿಗೆ ಅದು ಬರಿಯ ಆಟವಾಗಿರಬಹುದು. ನಮ್ಮ ತಾಲೂಕಿನ ಮಕ್ಕಳಿಗೆ ಹಾಗಲ್ಲ. 1972ರ ಬರಗಾಲವನ್ನು ಕಂಡ ಅಜ್ಜ ಅಜ್ಜಿಯರು ಇಂದಿಗೂ ನಮ್ಮ ಹಳ್ಳಿಗಳಲ್ಲಿದ್ದಾರೆ. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತ ನೆನಪು ನಮ್ಮ ವಿದ್ಯಾರ್ಥಿಗಳಿಗೇ ಇದೆ. ಇಲ್ಲಿ ಬೆಳೆಯುವ ದಾಳಿಂಬೆಗಾಗಲಿ ದ್ರಾಕ್ಷಿಗಾಗಲಿ ನೀರು ಕಾಲುವೆಯಲ್ಲಿ ತುಂಬಿ ಹರಿದು ಬರುವುದಿಲ್ಲ; ಕೊಳವೆಯಲ್ಲಿ ಹನಿಹನಿಯಾಗಿ ಬರುತ್ತದೆ. ಮ್ಹೈಸಾಳದಲ್ಲಿ ಕೃಷ್ಣೆಯಿಂದ ಎತ್ತಿದ ನೀರು ಹಂತಹಂತವಾಗಿ ಏರಿ ನಮ್ಮ ಕಡೆಗೆ ಬರಬೇಕು. ಇಷ್ಟು ಕಷ್ಟಪಟ್ಟು ಬಂದ ನೀರು ಒಂದು ಕೆಟ್ಟ ಜೋಡಣೆಯಲ್ಲಿ ಒಸರಿ ಹೋದರೆ ಅದಕ್ಕಿಂತ ದೊಡ್ಡ ನಷ್ಟ ಯಾವುದು? ಕೊಳವೆಯನ್ನು ಸರಿಯಾಗಿ ಜೋಡಿಸಬಲ್ಲ ಹುಡುಗ ಅಥವಾ ಹುಡುಗಿ ನಮ್ಮ ಮನೆಗೂ ಹೊಲಕ್ಕೂ ಬೇಕಾದವರು. ಅದಕ್ಕೆ ಬೇಕಾದ ಸಾಮಾನುಗಳಿಗೂ ಹೆಚ್ಚಿನ ಖರ್ಚಿಲ್ಲ. ಪೈಪಲೈನು ಹಾಕಿ ಉಳಿದ ತುಂಡುಗಳು ಪ್ರತಿಯೊಬ್ಬರ ಹೊಲದ ಬದುವಿನಲ್ಲಿ ಬಿದ್ದಿರುತ್ತವೆ. ಅವುಗಳಿಂದ ಪುಸ್ತಕ ಇಡುವ ಹಲಗೆಯ ಕಾಲು, ಗಿಡಕ್ಕೆ ನೀರುಣಿಸುವ ಜಾಲ, ಕೈ ತೊಳೆಯುವ ನಳದ ಸ್ಟ್ಯಾಂಡು, ನೀರಾವರಿಯ ಮಾದರಿ ಮುಂತಾದ ಎಷ್ಟೋ ವಸ್ತುಗಳನ್ನು ಮಾಡಬಹುದು. ಕೊರತೆ ಇರುವುದು ಸಾಮಾನಿನದಲ್ಲ, ತಿಳುವಳಿಕೆಯದು.

ಆ ತಿಳುವಳಿಕೆ ನಮ್ಮ ಹಿರಿಯರಲ್ಲಿ ಇರಲಿಲ್ಲವೇ? ಇತ್ತು. ಭಾಷೆಯನ್ನು ಕಲಿಸುವವರಾದ್ದರಿಂದ ಇದನ್ನು ನಾವು ಶಬ್ದಗಳ ಮೂಲಕವೇ ತೋರಿಸುತ್ತೇವೆ. ನಾವು ಬಾಲ್ಯದಲ್ಲಿ ಕೆಲವು ವರ್ಷ ಕನ್ನಡದಲ್ಲಿಯೂ ಕೆಲವು ವರ್ಷ ಮರಾಠಿಯಲ್ಲಿಯೂ ಕಲಿತವರು. ಎರಡೂ ಭಾಷೆಗಳಲ್ಲಿ ಅಂಟಿಗೆ ಎಷ್ಟೊಂದು ಹೆಸರುಗಳಿದ್ದವು! ಜಾಲಿಯ ಮರದಿಂದ ಒಸರುವುದು ಗೋಂದು, ಮರಾಠಿಯಲ್ಲಿ ಡಿಂಕ. ಹಿಟ್ಟನ್ನು ಕುದಿಸಿ ಪಟ ಅಂಟಿಸಲು ಮಾಡುವುದು ಖಳಿ. ಕುಡುಗೋಲಿನ ಹಿಡಿಕೆಯಲ್ಲಿ ತುಂಬಿ, ಕಾಯಿಸಿದ ಕುಡುಗೋಲಿನ ಬಾಲವನ್ನು ಒತ್ತಿ ಕೂಡಿಸುವುದು ಅರಗು. ಜೇನುಹುಟ್ಟಿನಿಂದ ಬರುವುದು ಮೇಣ. ಪ್ರಾಣಿಗಳ ತೊಗಲು ಎಲುಬುಗಳನ್ನು ಕುದಿಸಿ ತೆಗೆದದ್ದಕ್ಕೆ ಮರಾಠಿಯಲ್ಲಿ ಸರಸ ಎನ್ನುತ್ತಾರೆ. ಕಂಬಳಿ ನೇಯುವವರು ನೂಲನ್ನು ಬಿಗಿ ಮಾಡಲು ಹುಣಸೆ ಬೀಜವನ್ನು ಅರೆದು ಕುದಿಸಿ ಹಚ್ಚುತ್ತಾರೆ. ಇವರಲ್ಲಿ ಯಾರೂ ಕುಡುಗೋಲಿಗೆ ಖಳಿಯನ್ನು ಹಚ್ಚಲಿಲ್ಲ, ಪಟಕ್ಕೆ ಅರಗನ್ನು ಹಚ್ಚಲಿಲ್ಲ. ಹೆಸರು ಬೇರೆ ಇದ್ದುದರಿಂದ ಕೆಲಸ ಬೇರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಇಂದು ಮಕ್ಕಳ ಬಾಯಿಯಲ್ಲಿ ಈ ಹೆಸರುಗಳೆಲ್ಲ ಹೋಗಿ ಒಂದೇ ಹೆಸರು ಉಳಿದಿದೆ. 1959ರಲ್ಲಿ ನಮ್ಮ ದೇಶದಲ್ಲಿ ಬಡಗಿಗಳಿಗಾಗಿ ಹುಟ್ಟಿದ ಫೆವಿಕಾಲ್ ಎಂಬ ಒಂದು ಅಂಟಿನ ಹೆಸರು ಎಲ್ಲ ಅಂಟುಗಳ ಹೆಸರಾಗಿಬಿಟ್ಟಿದೆ. ಆ ಅಂಟು ಕೆಟ್ಟದ್ದಲ್ಲ. ಕಟ್ಟಿಗೆಗೆ ಅದು ಒಳ್ಳೆಯದು. ಆದರೆ ಹೆಸರು ಒಂದಾದಾಗ ಎಲ್ಲಕ್ಕೂ ಅದೊಂದೇ ಸಾಕು ಎಂಬ ಭ್ರಮೆ ಹುಟ್ಟುತ್ತದೆ. ನಮಗೂ ಹುಟ್ಟಿತ್ತು. ಆದ್ದರಿಂದಲೇ ಪ್ರದರ್ಶನದ ದಿನ ಹೊಲ ತೊಯ್ದದ್ದು.

ಬಿಳಿಯ ಅಂಟು ಕೊಳವೆಗೆ ಏಕೆ ನಿಲ್ಲಲಿಲ್ಲ? ಆ ಅಂಟಿನಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಕಟ್ಟಿಗೆಯ ಮೈಯಲ್ಲಿಯೂ ಕಾಗದದ ಮೈಯಲ್ಲಿಯೂ ಕಣ್ಣಿಗೆ ಕಾಣದ ರಂಧ್ರಗಳಿವೆ. ಅಂಟು ಆ ರಂಧ್ರಗಳೊಳಗೆ ಇಳಿಯುತ್ತದೆ. ನೀರನ್ನು ಕಟ್ಟಿಗೆ ಹೀರುತ್ತದೆ. ಉಳಿದದ್ದು ಒಳಗೇ ಗಟ್ಟಿಯಾಗಿ ಬೇರಿನಂತೆ ಹಿಡಿಯುತ್ತದೆ. ಪ್ಲಾಸ್ಟಿಕ್ ಕೊಳವೆಯ ಮೈ ನುಣುಪು. ಅದು ನೀರನ್ನು ಹೀರುವುದಿಲ್ಲ, ಅಂಟಿಗೆ ಇಳಿಯಲು ಜಾಗವಿಲ್ಲ. ಹೊರಗಿನಿಂದ ಒಣಗಿದಂತೆ ಕಂಡರೂ ಒಳಗೆ ಹಸಿಯಾಗಿಯೇ ಇರುತ್ತದೆ. ಮೇಲಾಗಿ ಸಾಮಾನ್ಯ ಬಿಳಿಯ ಅಂಟು ನೀರು ತಾಗಿದರೆ ಮತ್ತೆ ಮೆತ್ತಗಾಗುತ್ತದೆ. ನೀರಿನ ಕೆಲಸಕ್ಕೆ ನೀರಿನಲ್ಲಿ ಕರಗುವ ಅಂಟನ್ನು ಹಚ್ಚಿದ ನಮ್ಮ ಜಾಣತನಕ್ಕೆ ಏನೆನ್ನೋಣ!

ಇದನ್ನು ನಮಗೆ ತಿಳಿಸಿಕೊಟ್ಟವರು ಪುಸ್ತಕವಲ್ಲ, ನಮ್ಮ ಊರಿನಲ್ಲಿ ಪೈಪಲೈನು ಹಾಕುವ ಒಬ್ಬ ಗೃಹಸ್ಥರು. ಶಾಲೆಯ ನೀರಿನ ಟಾಕಿಯ ದುರಸ್ತಿಗೆ ಅವರು ಬಂದಾಗ ನಾವು ಬಿದ್ದುಹೋದ ಮಾದರಿಯನ್ನು ತೋರಿಸಿದೆವು. ಅವರು ನಕ್ಕು, "ಸರ, ಈ ಕೊಳವಿಗೆ ಅಂಟು ಹಚ್ಚೂದಲ್ರಿ, ಕರಗಸೂದು" ಎಂದರು. ಆ ಒಂದು ಮಾತಿನಲ್ಲಿ ಎಲ್ಲವೂ ಇತ್ತು.

ಮನೆಗಳಿಗೂ ಹೊಲಗಳಿಗೂ ಹಾಕುವ ಬಿಳಿ ಮತ್ತು ಬೂದು ಬಣ್ಣದ ಗಡುಸು ಕೊಳವೆಗಳು ಪಿವಿಸಿ ಎಂಬ ಪ್ಲಾಸ್ಟಿಕ್ಕಿನವು. ಅವುಗಳನ್ನು ಜೋಡಿಸಲು ಅಂಗಡಿಯಲ್ಲಿ ಸಾಲ್ವೆಂಟ್ ಸಿಮೆಂಟು ಎಂದು ಸಣ್ಣ ಡಬ್ಬಿ ಸಿಗುತ್ತದೆ. ಹೆಸರಿನಲ್ಲಿ ಸಿಮೆಂಟು ಇದ್ದರೂ ಮನೆ ಕಟ್ಟುವ ಸಿಮೆಂಟಿಗೂ ಇದಕ್ಕೂ ಸಂಬಂಧವಿಲ್ಲ. ಪಿವಿಸಿಯನ್ನೇ ತೀಕ್ಷ್ಣವಾದ ದ್ರಾವಕಗಳಲ್ಲಿ ಕರಗಿಸಿ ಮಾಡಿದ ರಸವಿದು. ಕೊಳವೆಯ ಹೊರಮೈಗೂ ಜೋಡಣೆಯ ಒಳಮೈಗೂ ಇದನ್ನು ಸವರಿದಾಗ ಎರಡರ ಮೈಯೂ ತೆಳುವಾಗಿ ಕರಗುತ್ತದೆ. ಕೂಡಿಸಿ ಒತ್ತಿದಾಗ ಕರಗಿದ ಎರಡು ಮೈಗಳು ಒಂದರೊಳಗೊಂದು ಬೆರೆಯುತ್ತವೆ. ದ್ರಾವಕವು ಹಾರಿಹೋದ ಮೇಲೆ ಉಳಿಯುವುದು ಒಂದೇ ಪ್ಲಾಸ್ಟಿಕ್. ಎರಡು ಕೊಳವೆಗಳ ನಡುವೆ ಅಂಟಿನ ಪದರು ಎಂಬುದೇ ಇರುವುದಿಲ್ಲ. ಸರಿಯಾಗಿ ಮಾಡಿದ ಜೋಡಣೆಯನ್ನು ಬಿಡಿಸಲು ಸಾಧ್ಯವಿಲ್ಲ, ಗರಗಸದಿಂದ ಕೊಯ್ಯಬೇಕಾಗುತ್ತದೆ.

ಕೆಲಸದ ಕ್ರಮವನ್ನೂ ವಿದ್ಯಾರ್ಥಿಗಳು ತಿಳಿದಿರಬೇಕು. ಕೊಳವೆಯನ್ನು ನೇರವಾಗಿ ಕೊಯ್ಯಬೇಕು, ಓರೆಯಾಗಬಾರದು. ಕೊಯ್ದ ಅಂಚಿನ ಮುಳ್ಳುಗಳನ್ನು ಕಾನಸಿನಿಂದ ಅಥವಾ ಉಸುಕು ಕಾಗದದಿಂದ ತಿಕ್ಕಿ ತೆಗೆಯಬೇಕು. ಧೂಳು, ಎಣ್ಣೆ, ನೀರಿನ ಪಸೆ ಇಲ್ಲದಂತೆ ಒರೆಸಬೇಕು. ರಸವನ್ನು ಹಚ್ಚುವುದಕ್ಕೆ ಮೊದಲು ಒಣದಾಗಿಯೇ ಒಮ್ಮೆ ಜೋಡಿಸಿ ನೋಡಬೇಕು. ಎಲ್ಲಿಗೆ ಯಾವುದು ಬರುತ್ತದೆಂದು ಪೆನ್ಸಿಲಿನಿಂದ ಗುರುತು ಮಾಡಬೇಕು. ಆಮೇಲೆ ಎರಡೂ ಮೈಗಳಿಗೆ ತೆಳುವಾಗಿ ಸವರಿ, ಒಳಗೆ ತಳ್ಳುತ್ತ ಕಾಲು ಸುತ್ತು ತಿರುಗಿಸಿ, ಅರ್ಧ ನಿಮಿಷ ಬಿಗಿಯಾಗಿ ಹಿಡಿದಿರಬೇಕು. ಹೊರಗೆ ಉಕ್ಕಿದ್ದನ್ನು ಒರೆಸಬೇಕು. ನಮ್ಮ ಹುಡುಗರಿಗೆ ಅತ್ಯಂತ ಕಠಿಣವಾದದ್ದು ಇದರ ಮುಂದಿನ ಪಾಠ: ಕಾಯುವುದು. ಒತ್ತಡದ ನೀರು ಬಿಡಬೇಕಾದರೆ ಒಂದು ಹಗಲು ಒಂದು ರಾತ್ರಿ ಬಿಡುವುದು ಒಳ್ಳೆಯದು. ಕುಡಿಯುವ ನೀರಿನ ಕೊಳವೆಯಾದರೆ ಒಣಗಿದ ಮೇಲೆ ಚೆನ್ನಾಗಿ ನೀರು ಹರಿಸಿ ತೊಳೆದು ಆಮೇಲೆ ಬಳಸಬೇಕು. ಡಬ್ಬಿಯೊಳಗಿನ ರಸ ಹಳೆಯದಾಗಿ ಮುದ್ದೆಯಾಗಿದ್ದರೆ ಅದನ್ನು ಬಳಸಲೇಬಾರದು.

ಹಳದಿ ಮಿಶ್ರಿತ ಬಿಳಿ ಬಣ್ಣದ ಇನ್ನೊಂದು ಕೊಳವೆ ಉಂಟು. ಬಿಸಿನೀರಿಗಾಗಿ ಹಾಕುವ ಅದು ಸಿಪಿವಿಸಿ. ನೋಡಲು ಪಿವಿಸಿಯ ತಮ್ಮನಂತೆ ಇದ್ದರೂ ಅದಕ್ಕೆ ಬೇರೆ ರಸವೇ ಇದೆ. ಪಿವಿಸಿಯ ರಸದಿಂದ ಸಿಪಿವಿಸಿಯನ್ನು ಜೋಡಿಸಿದರೆ ಇಂದು ಹಿಡಿದಂತೆ ತೋರಿ ಬಿಸಿನೀರು ಬಂದಾಗ ಕೈಕೊಡಬಹುದು. ಕೊಳವೆಯ ಮೇಲೆ ಅಚ್ಚಾಗಿರುವ ಅಕ್ಷರಗಳನ್ನು ಓದಿ, ಡಬ್ಬಿಯ ಮೇಲಿನ ಅಕ್ಷರಗಳೊಂದಿಗೆ ಹೋಲಿಸಿ ನೋಡಿದರೆ ಈ ತಪ್ಪು ಆಗುವುದಿಲ್ಲ.

ಇನ್ನು ಹೊಲದಲ್ಲಿ ದಾಳಿಂಬೆಯ ಸಾಲಿಗೆ ಎಳೆದ ಕಪ್ಪು ಬಣ್ಣದ ಮೆತ್ತನೆಯ ಹನಿ ನೀರಾವರಿಯ ಕೊಳವೆ. ಮಕ್ಕಳ ಕೈಗೆ ಸುಲಭವಾಗಿ ಸಿಗುವುದು ಇದೇ. ಇದು ಪಾಲಿಥೀನಿನದು. ಇದಕ್ಕೆ ಯಾವ ಅಂಟನ್ನು ಹಚ್ಚಿದರೂ ಪೊರೆಯಂತೆ ಸುಲಿದು ಬರುತ್ತದೆ. ಪಾಲಿಥೀನು ಮೇಣದಬತ್ತಿಯ ಮೇಣದ ಬಳಗಕ್ಕೇ ಸೇರಿದ ವಸ್ತು. ಮೇಣದಬತ್ತಿಯ ಮೈಮೇಲೆ ನೀರಿನ ಹನಿ ಹೇಗೆ ಹರಡದೆ ಗುಂಡಗೆ ನಿಲ್ಲುತ್ತದೆಯೋ ಹಾಗೆಯೇ ಇದರ ಮೇಲೆ ಅಂಟೂ ಹರಡಿ ಹಿಡಿಯುವುದಿಲ್ಲ. ಹಾಗಾದರೆ ಇದನ್ನು ಜೋಡಿಸುವುದು ಹೇಗೆ? ಅಂಟಿಲ್ಲದೆ! ಹಲ್ಲುಹಲ್ಲಾದ ಸಣ್ಣ ಜೋಡಣೆಗಳು ಇದಕ್ಕಾಗಿಯೇ ಇವೆ. ಕೊಳವೆಯ ತುದಿಯನ್ನು ಬಿಸಿನೀರಿನಲ್ಲಿ ಕ್ಷಣಕಾಲ ಅದ್ದಿ ಮೆತ್ತಗೆ ಮಾಡಿ ಒತ್ತಿದರೆ ಸಾಕು, ತಣ್ಣಗಾದಾಗ ಬಿಗಿದು ಹಿಡಿಯುತ್ತದೆ.

ಕೈಯಲ್ಲಿರುವ ತುಂಡು ಯಾವ ಪ್ಲಾಸ್ಟಿಕ್ಕಿನದು ಎಂದು ತಿಳಿಯದಿದ್ದರೆ ಒಂದು ಸುಲಭವಾದ ಪರೀಕ್ಷೆ ಇದೆ. ಸಣ್ಣ ಚೂರೊಂದನ್ನು ಕೊಯ್ದು ನೀರಿನ ಬಟ್ಟಲಿಗೆ ಹಾಕಿರಿ. ಗಾಳಿಯ ಗುಳ್ಳೆ ಅಂಟಿಕೊಂಡಿರದಂತೆ ಒಮ್ಮೆ ಅದುಮಿ ಬಿಡಿರಿ. ಪಿವಿಸಿ ನೀರಿಗಿಂತ ಭಾರ, ಮುಳುಗುತ್ತದೆ. ಪಾಲಿಥೀನು ನೀರಿಗಿಂತ ಹಗುರ, ತೇಲುತ್ತದೆ. ತೇಲಿದ್ದಕ್ಕೆ ಅಂಟಿನ ಆಸೆಯನ್ನು ಬಿಡಿರಿ. ವಿಜ್ಞಾನದ ಪುಸ್ತಕದಲ್ಲಿ ಸಾಂದ್ರತೆ ಎಂದು ಓದಿದ್ದು ಈ ಬಟ್ಟಲಿನಲ್ಲಿ ಉಪಯೋಗಕ್ಕೆ ಬಂತಲ್ಲವೇ?

ನಮ್ಮ ವ್ಯಾಕರಣದ ತಾಸಿಗೂ ಇದಕ್ಕೂ ಹತ್ತಿರದ ಸಂಬಂಧವಿದೆ ಎಂದರೆ ವಿದ್ಯಾರ್ಥಿಗಳು ನಗಬಹುದು. ನಗಲಿ, ಆದರೆ ಕೇಳಲಿ. ಎರಡು ಪದಗಳು ಕೂಡುವಾಗ ನಡುವೆ ಒಂದು ಹೊಸ ಅಕ್ಷರ ಬಂದು ಎರಡನ್ನೂ ಹಿಡಿದರೆ ಅದು ಆಗಮ ಸಂಧಿ. ಮರ, ಅನ್ನು ಎಂಬೆರಡು ಕೂಡಿ ಮರವನ್ನು ಎಂದಾದಾಗ ನಡುವೆ ವಕಾರ ಬಂತು. ಎರಡು ಹಲಗೆಗಳ ನಡುವೆ ಬಿಳಿಯ ಅಂಟು ಬಂದು ನಿಲ್ಲುವುದೂ ಹೀಗೆಯೇ. ನೀರು, ಇಲ್ಲ ಎಂಬೆರಡು ಕೂಡಿ ನೀರಿಲ್ಲ ಎಂದಾಗುವುದು ಲೋಪ ಸಂಧಿ. ಅಲ್ಲಿ ನಡುವೆ ಯಾರೂ ಬರಲಿಲ್ಲ. ಅಂಚಿನ ಉಕಾರ ಕರಗಿತು, ಪದಗಳು ಒಂದಾದವು. ಪಿವಿಸಿಯ ಜೋಡಣೆ ಇದೇ. ಅಯ್ಯೋ ಇದೇನು ಎನ್ನುವಲ್ಲಿ ಸಂಧಿಯೇ ಆಗುವುದಿಲ್ಲ, ಅದು ಪ್ರಕೃತಿಭಾವ. ಕಪ್ಪು ಕೊಳವೆ ಎಷ್ಟು ಅಂಟು ಹಚ್ಚಿದರೂ ಪ್ರಕೃತಿಭಾವವನ್ನು ಬಿಡುವುದಿಲ್ಲ. ಮಳೆ, ಕಾಲ ಸೇರಿ ಮಳೆಗಾಲವಾಗುವ ಆದೇಶ ಸಂಧಿಗೆ ಯಾವ ಅಂಟನ್ನು ಹೋಲಿಸಬಹುದು ಎಂಬುದನ್ನು ವಿದ್ಯಾರ್ಥಿಗಳೇ ವಿಚಾರ ಮಾಡಿ ನಮಗೆ ತಿಳಿಸಲಿ.

ಉಳಿದ ಅಂಟುಗಳ ವಿಷಯವನ್ನು ಚಿಕ್ಕದಾಗಿ ಹೇಳುತ್ತೇವೆ. ಪ್ಲಾಸ್ಟಿಕ್ ಕೊಳವೆಗೆ ಕಟ್ಟಿಗೆಯನ್ನೋ ಲೋಹವನ್ನೋ ಕೂಡಿಸಬೇಕಾದಾಗ ಕರಗಿಸುವ ರಸ ಕೆಲಸಕ್ಕೆ ಬಾರದು, ಏಕೆಂದರೆ ಅದು ಕಟ್ಟಿಗೆಯನ್ನಾಗಲಿ ಲೋಹವನ್ನಾಗಲಿ ಕರಗಿಸದು. ಆಗ ಬೇಕಾದದ್ದು ಎಪಾಕ್ಸಿ. ಎರಡು ಟ್ಯೂಬುಗಳಿಂದ ಸಮನಾಗಿ ತೆಗೆದು ಕಲಸಿದಾಗ ಎರಡೂ ರಾಸಾಯನಿಕವಾಗಿ ಕೂಡಿ ಕಲ್ಲಿನಂತಾಗುತ್ತವೆ. 1946ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿ ಇದನ್ನು ಅರಾಲ್ಡೈಟ್ ಎಂಬ ಹೆಸರಿನಲ್ಲಿ ಪೇಟೆಗೆ ತಂದಿತು. ಕಣಕದಂತೆ ನಾದಿ ಒಸರುವ ಜಾಗಕ್ಕೆ ಮೆತ್ತುವ ಎಂಸೀಲ್ ಕೂಡ ಇದೇ ಜಾತಿಯದು. ನುಣುಪಾದ ಮೈಯನ್ನು ಮೊದಲು ಉಸುಕು ಕಾಗದದಿಂದ ತಿಕ್ಕಿ ಒರಟು ಮಾಡಿದರೆ ಇದು ಚೆನ್ನಾಗಿ ಹಿಡಿಯುತ್ತದೆ.

ಹನಿ ಹಾಕಿದ ಕ್ಷಣಕ್ಕೇ ಹಿಡಿಯುವ ತೆಳುವಾದ ಅಂಟಿನ ಮೇಲೆ ಮಕ್ಕಳಿಗೆ ಬಹಳ ಪ್ರೀತಿ. 1942ರಲ್ಲಿ ಅಮೇರಿಕದ ಹ್ಯಾರಿ ಕೂವರ್ ಎಂಬ ರಸಾಯನಶಾಸ್ತ್ರಜ್ಞರು ಬಂದೂಕಿನ ಗುರಿ ನೋಡುವ ಸಾಧನಕ್ಕೆ ಪಾರದರ್ಶಕ ಪ್ಲಾಸ್ಟಿಕ್ಕನ್ನು ಹುಡುಕುತ್ತಿದ್ದಾಗ ಈ ವಸ್ತು ಕೈಗೆ ಬಂತು. ಮುಟ್ಟಿದ್ದಕ್ಕೆಲ್ಲ ಅಂಟುತ್ತದೆಂದು ಆಗ ಅದನ್ನು ಬದಿಗಿಟ್ಟರು. 1958ರಲ್ಲಿ ಅದೇ ಅಂಟಾಗಿ ಮಾರಾಟಕ್ಕೆ ಬಂತು. ದೋಷವೆಂದು ಬದಿಗಿಟ್ಟದ್ದೇ ಮುಂದೆ ಗುಣವಾಯಿತು. ಗಾಳಿಯಲ್ಲಿಯೂ ವಸ್ತುವಿನ ಮೈಮೇಲೂ ಇರುವ ತೇವದಿಂದ ಇದು ಗಟ್ಟಿಯಾಗುತ್ತದೆ. ಎರಡು ಮೈಗಳು ಸರಿಯಾಗಿ ಕೂಡಿಕೊಂಡಿದ್ದರೆ ಮಾತ್ರ ಇದರಿಂದ ಪ್ರಯೋಜನ. ಸಂದು ಇದ್ದರೆ ತುಂಬುವುದಿಲ್ಲ, ಪೆಟ್ಟು ಬಿದ್ದರೆ ಸಿಡಿದು ಬಿಡುತ್ತದೆ. ನೀರಿನ ಕೊಳವೆಗೆ ಇದು ಬೇಡ.

ಮತ್ತೆ ಬಿಚ್ಚಬೇಕಾದ ಕಡೆ ಅಂಟೇ ಬೇಡ. ನಳವನ್ನು ಕೊಳವೆಯ ಎಳೆಗಳಿಗೆ ತಿರುಗಿಸಿ ಕೂಡಿಸುವಲ್ಲಿ ತೆಳುವಾದ ಟೆಫ್ಲಾನ್ ಟೇಪನ್ನು ಎಳೆ ತಿರುಗುವ ದಿಕ್ಕಿನಲ್ಲಿಯೇ ಸುತ್ತಿದರೆ ಸಾಕು. ಅದು ಅಂಟಲ್ಲ, ಸಂದನ್ನು ಮುಚ್ಚುವ ಪಟ್ಟಿ. ಈ ವಿವೇಕವನ್ನು ನಮ್ಮ ಜಿಲ್ಲೆಯ ಮಿರಜ ಪಟ್ಟಣದಲ್ಲಿ ನೋಡಬಹುದು. ಅಲ್ಲಿ ತಲೆತಲಾಂತರದಿಂದ ಸಿತಾರ ತಂಬೂರಿಗಳನ್ನು ಮಾಡುತ್ತ, ಸಿತಾರಮೇಕರ ಎಂದೇ ಅಡ್ಡಹೆಸರು ಪಡೆದ ಮನೆತನಗಳಿವೆ. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಇಂಥ ವಾದ್ಯಗಳಿಗೆ ಹಿಂದಿನಿಂದ ಬಂದ ಅಂಟು ನಾವು ಮೇಲೆ ಹೇಳಿದ ಸರಸ. ಅದನ್ನು ಬಿಸಿ ಮಾಡಿ ಹಚ್ಚುತ್ತಾರೆ. ಮುಂದೆ ಎಂದಾದರೂ ವಾದ್ಯ ದುರಸ್ತಿಗೆ ಬಂದರೆ ಬಿಸಿ ಮತ್ತು ತೇವದಿಂದ ಅದೇ ಸರಸ ಬಿಡುತ್ತದೆ, ಕಟ್ಟಿಗೆ ಸೀಳುವುದಿಲ್ಲ. ಪುಂಗಿಯಲ್ಲಿಯೂ ಹಾಗೆಯೇ, ಸೋರೆಬುರುಡೆಗೆ ಎರಡು ಕೊಳವೆಗಳನ್ನು ಕೂಡಿಸುವುದು ಮೇಣದಿಂದ. ಗಾಳಿ ಸೋರದು, ಬೇಕೆಂದಾಗ ಕಾಯಿಸಿ ತೆಗೆಯಬಹುದು. ಕೊಳವೆಯ ತುಂಡಿನಿಂದ ಕೊಳಲು ಮಾಡುವ ಹವ್ಯಾಸವಿರುವವರು ಇದನ್ನು ನೆನಪಿಡಬೇಕು. ಬಾಯಿ ತಾಗುವ ಕಡೆ ತೀಕ್ಷ್ಣ ರಸಗಳನ್ನು ಹಚ್ಚಬಾರದು. ಕೊಳಲಿನ ಒಂದು ತುದಿಯನ್ನು ಬೆಂಡಿನ ಬಿರಡೆಯಿಂದ ಅಥವಾ ಜೇನುಮೇಣದಿಂದ ಮುಚ್ಚಿದರೆ ಸಾಕು.

ಆದ್ದರಿಂದ ಅಂಟಿನ ಅಂಗಡಿಗೆ ಹೋಗುವ ಮೊದಲು ನಮ್ಮ ವಿದ್ಯಾರ್ಥಿಗಳು ನಾಲ್ಕು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಳ್ಳಲಿ. ಕೂಡಿಸಬೇಕಾದ ಎರಡು ವಸ್ತುಗಳು ಯಾವುವು? ಅಲ್ಲಿಗೆ ನೀರು, ಬಿಸಿ ಅಥವಾ ಬಿಸಿಲು ತಾಗುವುದೇ? ಎಷ್ಟು ಭಾರವನ್ನು ತಡೆಯಬೇಕು? ಮುಂದೆ ಅದನ್ನು ಬಿಚ್ಚಬೇಕಾದೀತೇ? ಮೂರನೆಯ ಪ್ರಶ್ನೆಗೆ ಒಂದು ಲೆಕ್ಕವನ್ನೂ ಕೊಡುತ್ತೇವೆ. ನೀರಿನ ಟಾಕಿ 10 ಮೀಟರ್ ಎತ್ತರದಲ್ಲಿದ್ದರೆ ಕೆಳಗಿನ ಜೋಡಣೆಯ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಹತ್ತಿರ ಹತ್ತಿರ 1 ಕಿಲೋದಷ್ಟು ಒತ್ತಡ ಬೀಳುತ್ತದೆ. ಅರ್ಧ ಮೀಟರ್ ಎತ್ತರದ ಪ್ರದರ್ಶನದ ಮಾದರಿಯಲ್ಲಿ ಬೀಳುವುದು ಅದರ ಇಪ್ಪತ್ತನೆಯ ಒಂದು ಪಾಲು ಮಾತ್ರ. ಅಷ್ಟನ್ನೂ ತಡೆಯದ ಅಂಟನ್ನು ನಾವು ಕೊಟ್ಟಿದ್ದೆವು!

ಈಗ ಪಾಲಕರಿಗೆ ಒಂದು ಎಚ್ಚರಿಕೆಯ ಮಾತು. ಪಿವಿಸಿಯ ರಸದಿಂದ ಏಳುವ ಆವಿ ತಲೆ ಸುತ್ತಿಸುತ್ತದೆ ಮತ್ತು ಬೇಗನೆ ಬೆಂಕಿ ಹಿಡಿಯುತ್ತದೆ. ಒಲೆ, ದೀಪ, ಬೀಡಿಯ ಹತ್ತಿರ ಅದನ್ನು ತೆರೆಯಕೂಡದು. ಬಾಗಿಲು ಕಿಟಕಿಗಳನ್ನು ಮುಚ್ಚಿದ ಕೋಣೆಯಲ್ಲಿ ಕೆಲಸ ಮಾಡಕೂಡದು. ಅಂಗಳದಲ್ಲಿ, ಹಿರಿಯರ ಕಣ್ಣೆದುರಿಗೆ ಮಾಡಬೇಕು. ಅರಗಿನ ಮನೆಯ ಕತೆಯನ್ನು ಕೇಳಿ ಬೆಳೆದ ನಮಗೆ, ಕೂಡಿಸುವ ವಸ್ತುವೇ ಸುಡುವ ವಸ್ತುವೂ ಆಗಬಹುದೆಂದು ಬೇರೆ ಹೇಳಬೇಕಾಗಿಲ್ಲ. ಇಂಥ ರಸಗಳನ್ನೂ ಸೈಕಲ್ಲಿನ ಪಂಕ್ಚರ್ ಸೊಲ್ಯೂಶನ್ನನ್ನೂ ಬೇಕೆಂದೇ ಮೂಸುವ ಚಟಕ್ಕೆ ಬಿದ್ದು ಆರೋಗ್ಯವನ್ನು ಕಳೆದುಕೊಂಡ ಮಕ್ಕಳೂ ಇದ್ದಾರೆ. ಆದ್ದರಿಂದ ಡಬ್ಬಿಯು ಕೀಲಿಯೊಳಗಿರಲಿ, ಕೆಲಸವಿದ್ದಾಗ ಮಾತ್ರ ಹೊರಬರಲಿ. ಕ್ಷಣದಲ್ಲಿ ಹಿಡಿಯುವ ಅಂಟು ಬೆರಳುಗಳಿಗೆ ಅಂಟಿದರೆ ಜಗ್ಗಬಾರದು. ಉಗುರುಬೆಚ್ಚನೆಯ ಸಾಬೂನಿನ ನೀರಿನಲ್ಲಿ ನೆನೆಸಿ ಮೆಲ್ಲಗೆ ಬಿಡಿಸಬೇಕು. ಕಣ್ಣಿಗೆ ಬಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ಹತ್ತಿಯ ಬಟ್ಟೆಯ ಮೇಲೆ ಹೆಚ್ಚಾಗಿ ಸುರಿದರೆ ಅದು ಸುಡುವಷ್ಟು ಬಿಸಿಯಾಗುತ್ತದೆಂಬುದೂ ಗೊತ್ತಿರಲಿ.

ಈ ಎಚ್ಚರಿಕೆಗಳೆಲ್ಲ ಡಬ್ಬಿಯ ಮೇಲೆ ಅಚ್ಚಾಗಿಯೇ ಇರುತ್ತವೆ ಎಂದು ಯಾರಾದರೂ ಹೇಳಬಹುದು. ಇರುತ್ತವೆ, ಆದರೆ ಹೆಚ್ಚಾಗಿ ಇಂಗ್ಲಿಷಿನಲ್ಲಿ, ಸೂಜಿಯ ಮೊನೆಯಷ್ಟು ಸಣ್ಣ ಅಕ್ಷರಗಳಲ್ಲಿ. ಇಲ್ಲಿ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇವೆ. ನಾವು ಮಹಾರಾಷ್ಟ್ರದಲ್ಲಿದ್ದು ಕನ್ನಡದಲ್ಲಿ ಕಲಿಯುವವರು. ಪುಣೆಯ ಬಾಲಭಾರತಿ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಪಠ್ಯಪುಸ್ತಕಗಳನ್ನು ಕೊಡುತ್ತದೆ. ಆದರೆ ಕೈಕೆಲಸದ ತಿಳುವಳಿಕೆ ಪಠ್ಯಪುಸ್ತಕದಲ್ಲಿ ಸಿಗುವುದು ಸ್ವಲ್ಪ. ಅದನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ನಮ್ಮದೇ. ಕಾರ್ಯಾನುಭವದ ತಾಸಿನಲ್ಲಿ ಪ್ರತಿ ವರ್ಷವೂ ಅಂಟುಗಳ ಒಂದು ಪಾಠವಿರಲಿ. ಶಾಲೆಯಲ್ಲಿ ಒಂದು ಅಂಟಿನ ಪೆಟ್ಟಿಗೆ ಇರಲಿ. ಪ್ರತಿಯೊಂದು ಡಬ್ಬಿಯ ಮೇಲೂ ಅದು ಯಾವುದಕ್ಕೆ, ಯಾವುದಕ್ಕಲ್ಲ, ಎಷ್ಟು ಹೊತ್ತು ಕಾಯಬೇಕು, ಏನು ಅಪಾಯ ಎಂದು ವಿದ್ಯಾರ್ಥಿಗಳೇ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆದು ಹಚ್ಚಲಿ. ಪಕ್ಕದಲ್ಲಿ ಮರಾಠಿಯ ಹೆಸರೂ ಇರಲಿ. ಅಂಗಡಿಯಲ್ಲಿ ಕೇಳುವಾಗ ಬೇಕಾಗುತ್ತದೆ. ಆ ಚೀಟಿಗಳನ್ನು ಅಂಟಿಸಲು ಬಿಳಿಯ ಅಂಟು ಧಾರಾಳವಾಗಿ ಸಾಕು. ಅದರ ಸರಿಯಾದ ಕೆಲಸ ಅದೇ. ನಮಗೆ ಪಾಠ ಹೇಳಿದಂಥ ಪೈಪಲೈನಿನ ಕೆಲಸದವರನ್ನೂ ಬಡಗಿಗಳನ್ನೂ ವರ್ಷಕ್ಕೊಮ್ಮೆಯಾದರೂ ಶಾಲೆಗೆ ಕರೆದು, ಅವರ ಕೈಯಿಂದ ಮಕ್ಕಳಿಗೆ ಕಲಿಸಬೇಕು. ಅವರೂ ಗುರುಗಳೇ.

ಹತ್ತನೆಯ ಇಯತ್ತೆಯ ಪರೀಕ್ಷೆ ಮುಂದಿರುವಾಗ ಇದಕ್ಕೆಲ್ಲ ವೇಳೆ ಎಲ್ಲಿದೆ ಎಂಬ ಪಾಲಕರ ಆತಂಕ ನಮಗೆ ಅರ್ಥವಾಗುತ್ತದೆ. ಹವ್ಯಾಸವು ಓದನ್ನು ನುಂಗಬಾರದು, ನಿಜ. ವಾರಕ್ಕೆ ಎರಡು ತಾಸು ಸಾಕು. ಆದರೆ ಸಾಂದ್ರತೆ, ಒತ್ತಡ, ದ್ರಾವಣ, ಆವಿ ಎಂದು ಬಾಯಿಪಾಠ ಮಾಡಿದ ಶಬ್ದಗಳನ್ನು ಕೈಯಿಂದ ಮುಟ್ಟಿ ನೋಡಿದ ಹುಡುಗ ಅವುಗಳನ್ನು ಪರೀಕ್ಷೆಯ ಮರುದಿನ ಮರೆಯುವುದಿಲ್ಲ. ಇನ್ನೂ ಒಂದು ಮಾತು. ಮಾದರಿ ಬಿದ್ದುಹೋದ ದಿನ ನಾವೆಲ್ಲ ನಕ್ಕೆವು ಅಥವಾ ಗದರಿದೆವು; ಏಕೆ ಬಿತ್ತು ಎಂದು ಆ ಹುಡುಗರೊಂದಿಗೆ ಕುಳಿತು ಯಾರೂ ನೋಡಲಿಲ್ಲ. ಆ ನಾಲ್ವರಲ್ಲಿ ಒಬ್ಬನು ಎಷ್ಟೋ ತಿಂಗಳು ಒಂದು ಕೊಳವೆಯನ್ನೂ ಮುಟ್ಟಲಿಲ್ಲ. "ನನ್ನ ಕೈಲೆ ಆಗೂದಿಲ್ರಿ ಸರ" ಎನ್ನುತ್ತಿದ್ದನು. ಒಂದು ತಪ್ಪು ಅಂಟಿನಿಂದ ಕೊಳವೆ ಬಿಟ್ಟಿದ್ದಕ್ಕೆ ನಮಗೆ ಅಷ್ಟು ದುಃಖವಿಲ್ಲ. ಮಗುವಿನ ಕೈ ಕೆಲಸವನ್ನು ಬಿಟ್ಟಿತಲ್ಲ, ಅದಕ್ಕೆ ಇದೆ.

ಈ ವರ್ಷ ದೀಪಾವಳಿಯ ಸೂಟಿ ಮುಗಿದ ಮೇಲೆ ಆ ನಾಲ್ವರನ್ನೂ ಮತ್ತೆ ಕೂಡಿಸಿದೆವು. ಹಳೆಯ ಕೊಳವೆಗಳನ್ನೇ ತೊಳೆದು, ಒಣಗಿಸಿದ ಬಿಳಿ ಅಂಟನ್ನು ಕೆರೆದು ತೆಗೆದು, ಉಸುಕು ಕಾಗದದಿಂದ ತಿಕ್ಕಿ, ಅಂಗಳದಲ್ಲಿ ಕುಳಿತು ಸರಿಯಾದ ರಸದಿಂದ ಜೋಡಿಸಿದರು. ಹೊಲದ ಸಾಲಿಗೆ ಕಪ್ಪು ಕೊಳವೆಯನ್ನು ಅಂಟಿಲ್ಲದೆ ಕೂಡಿಸಿದರು. ಮರುದಿನದವರೆಗೆ ನೀರು ಹಾಕಬಾರದೆಂದು ಹೇಳಿದ್ದೆವು. ಬೆಳಗಾಗುವುದಕ್ಕೇ ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಡಬ್ಬಿಗೆ ನೀರು ಸುರಿದರು. ಒಂದು ತಾಸು ಕಳೆದರೂ ಕೊಳವೆಯ ಯಾವ ಜೋಡಣೆಯೂ ಒಸರಲಿಲ್ಲ. ನಳದ ಎಳೆಯಲ್ಲಿ ಮಾತ್ರ ಒಂದೊಂದೇ ಹನಿ ತೊಟ್ಟಿಕ್ಕುತ್ತಿತ್ತು. ಕೊಳವೆ ಮುಟ್ಟುವುದನ್ನೇ ಬಿಟ್ಟಿದ್ದ ಹುಡುಗ ಬಗ್ಗಿ ನೋಡಿ, "ಟೇಪು ಉಲ್ಟಾ ಸುತ್ತೇವ್ರಿ ಸರ" ಎಂದು ತಾನೇ ಹೇಳಿ, ಬಿಚ್ಚಿ, ಸರಿಯಾಗಿ ಸುತ್ತಿದನು. ನಾವು ಏನನ್ನೂ ಹೇಳಬೇಕಾಗಲಿಲ್ಲ.

ಕೈ ಕೆಸರಾದರೆ ಬಾಯಿ ಮೊಸರು ಎಂದು ಹಿರಿಯರು ಹೇಳಿದರು. ಕೈ ಅಂಟಾದರೂ ಅಷ್ಟೇ, ಪಾಲಕರೇ. ಮಗನೋ ಮಗಳೋ ಅಂಟು ಬೇಕೆಂದು ಹಣ ಕೇಳಿದಾಗ ಗದರಬೇಡಿರಿ. "ಯಾವುದನ್ನು ಯಾವುದಕ್ಕೆ ಕೂಡಿಸುತ್ತೀ?" ಎಂದು ಒಂದು ಪ್ರಶ್ನೆ ಕೇಳಿರಿ. ಅದಕ್ಕೆ ಉತ್ತರ ಬಂದರೆ ಹಣ ಕೊಡಿರಿ. ಉತ್ತರ ಬರದಿದ್ದರೆ ಇಬ್ಬರೂ ಕೂಡಿ ಒಂದು ಬಟ್ಟಲು ನೀರು ತೆಗೆದುಕೊಂಡು, ಅದು ಮುಳುಗುವುದೋ ತೇಲುವುದೋ ನೋಡಿರಿ.